ಬಂಡೆಯಿಂದ ಕೋಡಿಯವರೆಗೆ: ಕೈಲಾಂಚ ಸೀಮೆಯಲ್ಲಿ ಕೆರೆ ಬದುಕುವ ಬಗೆ

ಒಂದು ಎಕರೆ ಬೋಳುಬಂಡೆಯ ಮೇಲೆ 25 ಮಿಲಿಮೀಟರ್ ಮಳೆ ಸುರಿದರೆ ಬಿದ್ದ ನೀರು ಒಂದು ಲಕ್ಷ ಲೀಟರ್. ಐದು ಸಾವಿರ ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರಿನಲ್ಲಿ ಹೊಡೆದರೆ ಇಪ್ಪತ್ತು ಲೋಡು. ಬಂಡೆ ನೀರು ಕುಡಿಯುವುದಿಲ್ಲ. ಕಾದ ಕಲ್ಲಿನ ಮೇಲೆ ಒಂದಿಷ್ಟು ಆವಿಯಾಗಿ, ಗುಂಡಿಗಳಲ್ಲಿ ಒಂದಿಷ್ಟು ನಿಂತು, ಮಿಕ್ಕಿದ್ದೆಲ್ಲ ಇಳಿಜಾರು ಹಿಡಿಯುತ್ತದೆ. ರಾಮನಗರ ತಾಲ್ಲೂಕಿನ ಕೈಲಾಂಚ ಹೋಬಳಿಯಲ್ಲಿ ಇಂಥ ಬಂಡೆಗೆ ಎಕರೆಯ ಲೆಕ್ಕ ಸಾಲದು, ಬೆಟ್ಟದ ಲೆಕ್ಕವೇ ಬೇಕು. ಅವ್ವೇರಹಳ್ಳಿಯ ರೇವಣಸಿದ್ಧೇಶ್ವರ ಬೆಟ್ಟದಿಂದ ಹಂದಿಗುಂದಿಯ ಕಾಡಿನವರೆಗೆ ಎತ್ತ ನೋಡಿದರೂ ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಕ್ಲೋಸ್‌ಪೇಟೆ ಎಂಬ ಹೆಸರನ್ನೇ ಭೂವಿಜ್ಞಾನಿಗಳು ಈ ಗ್ರಾನೈಟಿಗೆ ಇಟ್ಟಿದ್ದಾರೆ.

ರಾಮನಗರದ ಬೆಟ್ಟಗಳಲ್ಲಿ ಚಿತ್ರೀಕರಿಸಿದ ‘ಶೋಲೆ’ ಸಿನಿಮಾ ನೋಡಿದವರಿಗೆ ಇದು ಬರೀ ಒಣ ಕಲ್ಲುಗಾಡು. ಭಾನುವಾರ ಬಂದವರು ಬಂಡೆ ಹತ್ತಿ, ಫೋಟೋ ತೆಗೆದುಕೊಂಡು ಇಳಿದು ಹೋಗುತ್ತಾರೆ. ಬುಡದಲ್ಲಿರುವ ಕೆರೆ ಆ ಫೋಟೋದ ಮೂಲೆಯಲ್ಲೆಲ್ಲೋ ಹೊಳೆಯುತ್ತಿರುತ್ತದೆ. ಆದರೆ ಈ ಸೀಮೆಯ ಕಾಡನ್ನು ಅರಿಯಬೇಕಾದರೆ ಬೆಟ್ಟದ ತುದಿಗಿಂತ ಕೆರೆಯ ಅಂಚು ಒಳ್ಳೆಯ ಜಾಗ. ಮೇಲಿನ ಬಂಡೆ, ನಡುವಿನ ಕುರುಚಲು ಕಾಡು, ಕೆಳಗಿನ ಕೆರೆ ಮೂರೂ ಒಂದೇ ವ್ಯವಸ್ಥೆ. ಒಂದರ ಕತ್ತು ಹಿಸುಕಿದರೆ ಮಿಕ್ಕ ಎರಡಕ್ಕೂ ಉಸಿರು ಕಟ್ಟುತ್ತದೆ.

ನಡುವಿನ ಕಾಡು ಮಾಡುವ ಕೆಲಸ ಸರಳವಾದದ್ದು. ಬಂಡೆಯಿಂದ ಧುಮುಕಿದ ನೀರಿನ ವೇಗವನ್ನು ಹುಲ್ಲು, ತರಗೆಲೆ, ಬೇರು ತಡೆಯುತ್ತವೆ. ತಡೆದಷ್ಟೂ ನೀರು ಕಲ್ಲುಪುಡಿಯ ಮಣ್ಣಿಗೆ ಇಂಗುತ್ತದೆ. ಮಳೆ ನಿಂತು ಎಷ್ಟೋ ದಿನಗಳ ಮೇಲೂ ಹಳ್ಳದಲ್ಲಿ ಸಣ್ಣಗೆ ನೀರು ಹರಿಯುತ್ತಿದೆ ಎಂದರೆ ಅದು ಇಂಗಿದ ನೀರಿನ ಒಸರು. ಕಾಡು ಬೋಳಾದರೆ, ಕಲ್ಲು ಗಣಿಯ ದೂಳು ಮತ್ತು ಜಲ್ಲಿ ಹಳ್ಳಕ್ಕೆ ಬಿದ್ದರೆ, ಅದೇ ಮಳೆ ಒಂದೇ ರಾತ್ರಿಯಲ್ಲಿ ಮಣ್ಣನ್ನೂ ಹೊತ್ತುಕೊಂಡು ಕೆರೆಗೆ ನುಗ್ಗುತ್ತದೆ. ಕೆರೆ ಬೇಗ ತುಂಬುತ್ತದೆ, ಬೇಗ ಹೂಳುತ್ತದೆ, ಬೇಗ ಬತ್ತುತ್ತದೆ. ಜಲಾನಯನದ ಜಮೀನಿನಲ್ಲಿ ನೀಲಗಿರಿ ನೆಟ್ಟು ನೀರಿಲ್ಲ ಎಂದು ಕೊರಗಿದ ಕಾಲವೂ ಇತ್ತು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು.

ಕೆರೆಯೆಂದರೆ ನಮ್ಮ ಕಣ್ಣಿಗೆ ಮೊದಲು ಬೀಳುವುದು ನೀರು. ಕಟ್ಟಿದವರ ಕಣ್ಣಿಗೆ ಮೊದಲು ಬಿದ್ದದ್ದು ಹಳ್ಳ. ಎರಡು ದಿಣ್ಣೆಗಳ ನಡುವೆ ಹಳ್ಳ ಕಿರಿದಾಗುವ ಕಡೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿದರು. ಏರಿಯ ಬುಡದಲ್ಲಿ ತೂಬು, ಒಂದು ಬದಿಯ ಗಟ್ಟಿ ನೆಲದಲ್ಲಿ ಕೋಡಿ, ಏರಿಯ ಕೆಳಗೆ ಅಚ್ಚುಕಟ್ಟು. ಹಳೆಯ ಕಲ್ಲು ತೂಬನ್ನು ಒಮ್ಮೆ ಹತ್ತಿರದಿಂದ ನೋಡಿ. ನೀರಿನೊಳಗೆ ನಿಂತ ಎರಡು ಕಲ್ಲುಕಂಬ, ಅವುಗಳ ನಡುವೆ ಅಡ್ಡಪಟ್ಟಿಗಳು, ತಳದ ಚಪ್ಪಡಿಯಲ್ಲೊಂದು ದುಂಡನೆಯ ತೂತು. ಅಡ್ಡಪಟ್ಟಿಗಳ ನಡುವಿನಿಂದ ಇಳಿಬಿಟ್ಟ ಉದ್ದನೆಯ ಗಳುವಿನ ತುದಿಯಲ್ಲಿ ಆ ತೂತಿಗೆ ಸರಿಯಾಗಿ ಕೂರುವ ಮರದ ಬಿರಡೆ. ನೀರಗಂಟಿ ಅದನ್ನು ಎಷ್ಟು ಎತ್ತುತ್ತಾನೋ ಅಷ್ಟೇ ನೀರು ಏರಿಯ ಅಡಿಯ ಕಾಲುವೆಗೆ ಹೋಗುತ್ತದೆ. ಯಾರ ಗದ್ದೆಗೆ ಎಷ್ಟು ಹೊತ್ತು, ಯಾವ ವರ್ಷ ಭತ್ತ, ಯಾವ ವರ್ಷ ಬರೀ ರಾಗಿ ಎಂಬ ಲೆಕ್ಕ ಅವನ ತಲೆಯಲ್ಲಿರುತ್ತಿತ್ತು. ಕೊಳವೆಬಾವಿ ಬಂದ ಮೇಲೆ ಆ ಲೆಕ್ಕ ಬೇಡವಾಯಿತು. ಲೆಕ್ಕ ಹೋದ ಕೆರೆಯನ್ನು ಕೇಳುವವರೂ ಕಡಿಮೆಯಾದರು.

ಕೋಡಿಯ ಕೆಲಸ ಬೇರೆ. ಕೆರೆ ತುಂಬಿ ಹೆಚ್ಚಾದ ನೀರು ಕೋಡಿ ಹರಿದು ಕೆಳಗಿನ ಕೆರೆಗೆ, ಅಲ್ಲಿಂದ ಮತ್ತೊಂದಕ್ಕೆ, ಕೊನೆಗೆ ಹೊಳೆಗೆ. ಇಲ್ಲಿನ ಹಳ್ಳಗಳಲ್ಲಿ ಬಹಳಷ್ಟು ಅರ್ಕಾವತಿಗೆ ಇಳಿಯುತ್ತವೆ. ಅರ್ಕಾವತಿ ಕನಕಪುರ ದಾಟಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಹೀಗೆ ಸರಪಳಿಯಾಗಿ ಕಟ್ಟಿದ ಕೆರೆಗಳಲ್ಲಿ ಒಂದರ ರಾಜಕಾಲುವೆ ಮುಚ್ಚಿದರೆ ಕೆಳಗಿನವಕ್ಕೆ ನೀರಿಲ್ಲ, ಒಂದರ ಏರಿ ಒಡೆದರೆ ಕೆಳಗಿನವೂ ಅಪಾಯದಲ್ಲಿ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಡಾವಣೆಗಳಿಗೆ, ಬೆಂಗಳೂರು–ಮೈಸೂರು ಹೆದ್ದಾರಿಗೆ ನೀರು ನುಗ್ಗಿದಾಗ ಈ ಸರಪಳಿಯನ್ನು ಊರಿಗೆ ಊರೇ ನೆನಪಿಸಿಕೊಂಡಿತು. ಕೋಡಿಗೆ ಮರಳು ಚೀಲ ಇಟ್ಟು ಒಂದೆರಡು ಅಡಿ ಹೆಚ್ಚು ನೀರು ನಿಲ್ಲಿಸುವ ಜಾಣತನ ಕೆಲವು ಕಡೆ ಇದೆ. ಅದು ಏರಿಯ ಆಯುಸ್ಸಿನಿಂದ ಪಡೆದ ಸಾಲ.

ಇಷ್ಟು ಕೆರೆಯ ಯಂತ್ರಭಾಗ. ಅದರ ಜೀವ ಇರುವುದು ಏರಿಯ ಎದುರು ದಿಕ್ಕಿನಲ್ಲಿ, ಹಳ್ಳ ಬಂದು ಸೇರುವ ಮೇಲಿನ ಅಂಚಿನಲ್ಲಿ. ಅಲ್ಲಿ ನೆಲ ಬಹಳ ನಿಧಾನವಾಗಿ ಇಳಿಯುತ್ತದೆ. ಐವತ್ತು ಅಡಿ ನಡೆದರೆ ಒಂದು ಅಡಿ ಆಳ ಎಂದಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಬಿಸಿಲಿಗೆ ದಿನಕ್ಕೆ ಐದಾರು ಮಿಲಿಮೀಟರ್ ನೀರು ಆವಿಯಾಗುತ್ತದೆ. ಮಟ್ಟ ಆರು ಮಿಲಿಮೀಟರ್ ಇಳಿದರೆ ಈ ಇಳಿಜಾರಿನಲ್ಲಿ ನೀರು ಹಿಂದೆ ಸರಿಯುವುದು 30 ಸೆಂಟಿಮೀಟರ್. ಎಂದರೆ ಪ್ರತಿದಿನ ಒಂದಡಿ ಅಗಲದ ಹೊಸ ಕೆಸರು ಕೆರೆಯ ಆ ಬದಿಯುದ್ದಕ್ಕೂ ತೆರೆದುಕೊಳ್ಳುತ್ತದೆ. ನಿನ್ನೆಯವರೆಗೆ ನೀರಿನಡಿ ಇದ್ದ ಹುಳು, ಬಸವನಹುಳು, ಸಣ್ಣ ಮೀನು, ಬೀಜ, ಗೆಡ್ಡೆ ಎಲ್ಲವೂ ಇವತ್ತು ಕೈಗೆಟಕುತ್ತವೆ. ಹಕ್ಕಿಗಳ ಲೆಕ್ಕದಲ್ಲಿ ಕೊಕ್ಕಿಗೆಟಕುತ್ತವೆ.

ಹಕ್ಕಿಗಳು ಈ ಇಳಿಜಾರನ್ನು ಕಾಲಿನ ಉದ್ದಕ್ಕೆ ತಕ್ಕಂತೆ ಹಂಚಿಕೊಂಡಿವೆ. ಒಣಗಿ ಬಿರುಕು ಬಿಟ್ಟ ಮಣ್ಣಿನ ಮೇಲೆ ಟಿಟ್ಟಿಭ. ನೀರು ಮಣ್ಣು ಕೂಡುವ ಗೆರೆಯಲ್ಲಿ, ಬಾಲ ಕುಣಿಸುತ್ತ ಓಡಾಡುವ ಗೊರವಗಳು. ಇವುಗಳಲ್ಲಿ ಬಹಳಷ್ಟು ಚಳಿಗಾಲಕ್ಕೆಂದು ಉತ್ತರದಿಂದ ಬಂದವು. ಗೇಣುದ್ದ ನೀರಿನಲ್ಲಿ ಕೆಂಪು ಕಾಲಿನ ಮೆಟ್ಟುಗಾಲ ಹಕ್ಕಿ. ಇನ್ನೂ ಮುಂದೆ ಬಕ, ಬೆಳ್ಳಕ್ಕಿ. ಎಲೆಗಳ ಮೇಲೆಯೇ ನಡೆದಾಡುವ ದೇವನಕ್ಕಿ. ಆಳದಲ್ಲಿ ನಾಮದ ಕೋಳಿ, ಗುಳುಮುಳುಕ, ನೀರುಕಾಗೆ. ಬಣ್ಣದ ಕೊಕ್ಕರೆ ಮೀನು ಹಿಡಿಯುವುದನ್ನು ಕಾದು ನೋಡಬೇಕು. ಮೊಣಕಾಲುದ್ದ ನೀರಿನಲ್ಲಿ ನಿಂತು, ಅರೆತೆರೆದ ಕೊಕ್ಕನ್ನು ನೀರೊಳಗೆ ಇಳಿಸಿ, ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ಮೆಲ್ಲಗೆ ನಡೆಯುತ್ತದೆ. ಕಾಲಿನಿಂದ ಕೆಸರು ಕೆದಕುತ್ತದೆ. ಅದು ಮೀನನ್ನು ಕಣ್ಣಿನಿಂದ ಹುಡುಕುವುದಿಲ್ಲ. ಕೊಕ್ಕಿನ ಒಳಬದಿಗೆ ಏನಾದರೂ ತಗುಲಿದ ಕ್ಷಣ ಕೊಕ್ಕು ಮುಚ್ಚುತ್ತದೆ. ಆದ್ದರಿಂದ ರಾಡಿ ನೀರೂ ಅದಕ್ಕೆ ಆಗುತ್ತದೆ, ಆದರೆ ಆಳದ ನೀರು ಆಗುವುದಿಲ್ಲ. ಎದೆಮಟ್ಟ ಮುಳುಗುವ ಕೆರೆ ಆ ಕೊಕ್ಕರೆಗೆ ಇದ್ದೂ ಇಲ್ಲದಂತೆ.

ಇದು ನಮ್ಮ ಕೆರೆಯ ಮಾತಷ್ಟೇ ಅಲ್ಲ. ಚನ್ನಪಟ್ಟಣದ ಆಚೆ, ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆ, ಅತ್ತಿ ಮರಗಳಲ್ಲಿ ಗೂಡು ಕಟ್ಟುತ್ತವೆ. 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಊರಿನವರು ಹುಣಸೆ ಫಸಲಿನ ನಷ್ಟ ಸಹಿಸಿ, ಮನೆಮುಂದೆ ಬೀಳುವ ಹಿಕ್ಕೆಯನ್ನು ಗೊಬ್ಬರ ಮಾಡಿಕೊಂಡು ಹಕ್ಕಿಗಳನ್ನು ಸಲಹಿದ್ದಾರೆ. ಆದರೆ ಆ ಮರಿಗಳ ಹೊಟ್ಟೆಗೆ ಬೀಳುವ ಮೀನು ಕೊಕ್ಕರೆಬೆಳ್ಳೂರಿನ ಮರದಲ್ಲಿ ಹುಟ್ಟುವುದಿಲ್ಲ. ಸುತ್ತಲಿನ ಹತ್ತಾರು ಕೆರೆಗಳಿಂದ, ಶಿಂಷೆಯ ಮಡುಗಳಿಂದ ತಾಯಿ ತಂದೆ ಹಕ್ಕಿಗಳು ಹೊತ್ತು ತರಬೇಕು. ಮರಕ್ಕೆ ರಕ್ಷಣೆ ಕೊಟ್ಟು ಕೆರೆಗೆ ಕೊಡದಿದ್ದರೆ ಅರ್ಧ ಕೆಲಸ ಮಾತ್ರ ಆದಂತೆ.

ಕೆರೆ ಬತ್ತಿದರೆ ಸತ್ತಿತು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಸೀಮೆಯ ಕೆರೆಗೆ ಬತ್ತುವುದೂ ಒಂದು ಋತು. ವರ್ಷದ ಮಳೆ ಬಹುಪಾಲು ಮೇ ತಿಂಗಳ ಗುಡುಗುಮಳೆಯಲ್ಲಿ, ಆಮೇಲೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ನಡುವೆ ಮಟ್ಟ ಏರಿಳಿಯುತ್ತಲೇ ಇರುತ್ತದೆ. ಬಿಸಿಲಿಗೆ ಬಿರುಕು ಬಿಟ್ಟ ತಳಕ್ಕೆ ಗಾಳಿಯಾಡಿ, ಕೊಳೆತ ಜೊಂಡು ಗೊಬ್ಬರವಾಗುತ್ತದೆ. ಕೆರೆಯಂಗಳದಲ್ಲಿ ಹುಲ್ಲು ಚಿಗುರಿ ದನ ಕುರಿ ಮೇಯುತ್ತವೆ, ಒದ್ದೆ ಅಂಚಿನಲ್ಲಿ ಹೊನಗೊನೆ ಸೊಪ್ಪು, ಒಂದೆಲಗ ಸಿಗುತ್ತವೆ. ಕೊರವ ಮೀನು ಕೆಸರಿನಲ್ಲೇ ಹುದುಗಿ ದಿನ ದೂಡಬಲ್ಲದು. ಮೊದಲ ದೊಡ್ಡ ಮಳೆಗೆ ಗೂಳಿಗಪ್ಪೆಗಳು ಮಣ್ಣಿನಿಂದ ಎದ್ದು ಬಂದು ರಾತ್ರಿಯಿಡೀ ಕೂಗುವುದನ್ನು ಕೇಳಿದವರಿಗೆ ಒಣ ಕೆರೆ ಸತ್ತಿರಲಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಡ. ಇಗ್ಗಲೂರು ಬ್ಯಾರೇಜಿನಿಂದ ನೀರೆತ್ತಿ ಚನ್ನಪಟ್ಟಣದ ಕೆರೆಗಳನ್ನು ತುಂಬಿಸುವ ಯೋಜನೆಯಿಂದ ಅಂತರ್ಜಲಕ್ಕೆ, ತೆಂಗಿಗೆ, ರೇಷ್ಮೆಗೆ ಆದ ಉಪಕಾರ ದೊಡ್ಡದು. ಅದನ್ನು ಯಾರೂ ಅಲ್ಲಗಳೆಯಲಾರರು. ಆದರೂ ವರ್ಷವಿಡೀ ತುಂಬಿದ ಕೆರೆಯಲ್ಲಿ ಮೇಲೆ ಹೇಳಿದ ಕೆಸರಿನ ಪಟ್ಟಿ ತೆರೆದುಕೊಳ್ಳುವುದೇ ಇಲ್ಲ. ಎಲ್ಲ ಕೆರೆಗಳನ್ನೂ ಒಂದೇ ಸಮ ತುಂಬಿಸುವ ಬದಲು, ಒಂದೆರಡರಲ್ಲಾದರೂ ಬೇಸಿಗೆಗೆ ಮಟ್ಟ ಇಳಿಯಬಿಡುವುದು ಕಷ್ಟದ ಕೆಲಸವೇನಲ್ಲ.

ಇನ್ನು ‘ಕೆರೆ ಅಭಿವೃದ್ಧಿ’. ನನ್ನ ಮಟ್ಟಿಗೆ ಈ ಸೀಮೆಯ ಕೆರೆಗಳಿಗೆ ಒತ್ತುವರಿಯಷ್ಟೇ ದೊಡ್ಡ ಕಂಟಕ ಇದು, ಏಕೆಂದರೆ ಇದು ಒಳ್ಳೆಯ ಮನಸ್ಸಿನಿಂದ ನಡೆಯುತ್ತದೆ, ಯಾರೂ ತಡೆಯುವುದಿಲ್ಲ. ಜೆಸಿಬಿ ಇಳಿಯುತ್ತದೆ. ತಟ್ಟೆಯಂತಿದ್ದ ಅಂಗಳವನ್ನು ನಾಲ್ಕೂ ಕಡೆಯಿಂದ ಕಡಿದಾಗಿ ಕೊರೆದು ಬೋಗುಣಿ ಮಾಡುತ್ತಾರೆ. ಸುತ್ತ ಕಲ್ಲು ಕಟ್ಟಿ, ಅದರ ಮೇಲೆ ನಡಿಗೆ ಹಾದಿ, ಬೆಂಚು, ದೀಪ. ನೀರು ಹೆಚ್ಚು ನಿಲ್ಲುತ್ತದೆ ನಿಜ. ಮಟ್ಟ ಒಂದಡಿ ಇಳಿದರೂ ಕಲ್ಲುಗೋಡೆಯಲ್ಲಿ ಒಂದಡಿ ಕಲ್ಲು ಕಾಣುತ್ತದೆಯೇ ಹೊರತು ಒಂದು ಗೇಣು ಕೆಸರೂ ತೆರೆದುಕೊಳ್ಳುವುದಿಲ್ಲ. ಗೊರವ, ಟಿಟ್ಟಿಭ, ಕೊಕ್ಕರೆ ಹೋಗುತ್ತವೆ, ಉಳಿಯುವುದು ನೀರುಕಾಗೆ. ದನ ನೀರಿಗಿಳಿಯಲು ಜಾಗವಿಲ್ಲ. ಕಾಲು ಜಾರಿದ ಮಗು ಹತ್ತಿ ಬರಲೂ ಆಸರೆಯಿಲ್ಲ.

ಹೂಳೆತ್ತಬಾರದು ಎಂದಲ್ಲ. ಹಿಂದೆ ಪ್ರತಿ ಬೇಸಿಗೆಯಲ್ಲೂ ರೈತರು ಗಾಡಿ ಕಟ್ಟಿಕೊಂಡು ಬಂದು ಕೆರೆ ಗೋಡು ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಅವರಿಗೆ ಬೇಕಿದ್ದದ್ದು ಮೇಲ್ಪದರದ ಫಲವತ್ತಾದ ಗೋಡು. ಅದು ಸಾಕಾಗುತ್ತಲೇ ನಿಲ್ಲಿಸುತ್ತಿದ್ದರು. ಇಟ್ಟಿಗೆ ಗೂಡಿಗೂ ಬಡಾವಣೆಗೂ ಮಣ್ಣು ಬೇಕಾದವರು ನಿಲ್ಲಿಸುವುದಿಲ್ಲ. ಹೂಳೆತ್ತುವಾಗ ನೋಡಬೇಕಾದ್ದು ಮೂರು ಸಂಗತಿ. ಆಳ ಮಾಡುವುದಿದ್ದರೆ ಏರಿಯ ಕಡೆಯ ಅರ್ಧದಲ್ಲಿ ಮಾಡಬೇಕು, ಅದೂ ಏರಿಯ ಬುಡಕ್ಕೆ ತಾಗದಂತೆ ಸಾಕಷ್ಟು ದೂರ ಬಿಟ್ಟು. ಬುಡ ಕೆದಕಿದರೆ ಏರಿ ಜಾರುತ್ತದೆ. ಹಳ್ಳ ಸೇರುವ ಮೇಲಿನ ಅಂಚನ್ನು, ಅಲ್ಲಿನ ಜೊಂಡು ಮತ್ತು ಆಪನ್ನು ಮುಟ್ಟಬಾರದು. ಬರುವ ಹೂಳನ್ನು ಮೊದಲು ಹಿಡಿಯುವುದು ಅವೇ. ಅಂಗಳದ ಗೊಬ್ಬಳಿ ಮರಗಳನ್ನು ಎಲ್ಲ ಕಡಿಯಬಾರದು. ನೀರಿನ ನಡುವೆ ನಿಂತ ಮುಳ್ಳುಮರದಷ್ಟು ಭದ್ರವಾದ ಗೂಡಿನ ಜಾಗ ನೀರುಕಾಗೆಗೆ, ಬೆಳ್ಳಕ್ಕಿಗೆ ಬೇರೆ ಇಲ್ಲ.

ಬರುವ ನೀರು ಎಂಥದು ಎಂಬುದು ಉಳಿದ ಪ್ರಶ್ನೆ. ಉತ್ತರ ಬೇಕಾದವರು ಬಿಡದಿ ಬಳಿಯ ಬೈರಮಂಗಲ ಕೆರೆ ನೋಡಬೇಕು. ಬೇಸಾಯಕ್ಕೆಂದು ವೃಷಭಾವತಿಗೆ ಅಡ್ಡಲಾಗಿ ಕಟ್ಟಿದ ಕೆರೆ ಬೆಂಗಳೂರಿನ ಕೊಳಚೆಯ ತೊಟ್ಟಿಯಾಯಿತು. ನೊರೆ, ನಾತ, ಕೆಟ್ಟ ಬಾವಿ. ಕೊಳಚೆಯನ್ನು ಕೆರೆಯ ಪಕ್ಕದಿಂದ ಕಾಲುವೆಯಲ್ಲಿ ಸಾಗಿಸುವ ಕಾಮಗಾರಿಯೂ ಬಂತು, ಆದರೆ ಸಾಗಿಸಿದ ಕೊಳಚೆ ಮುಂದೆ ಅರ್ಕಾವತಿಗೇ ತಾನೇ ಸೇರಬೇಕು. ಕೈಲಾಂಚ ಕಡೆಯ ಕೆರೆಗಳು ಆ ಸ್ಥಿತಿಗೆ ಬರಬಾರದಾದರೆ ಊರಿನ ಚರಂಡಿ ನೇರ ಕೆರೆಗೆ ಬೀಳದಂತೆ ಈಗಲೇ ತಿರುಗಿಸಬೇಕು. ಅಂತರಗಂಗೆ ಹಬ್ಬಿದೆ ಎಂದು ವರ್ಷಕ್ಕೊಮ್ಮೆ ಯಂತ್ರ ತಂದು ತೆಗೆಸುವುದು ತೇಪೆ ಕೆಲಸ. ಅದು ಹಬ್ಬುವುದು ಚರಂಡಿ ತಂದ ಗೊಬ್ಬರದಿಂದ. ಸೊಳ್ಳೆ ಮಾತೂ ಹಾಗೆಯೇ. ಮೀನು, ಕಪ್ಪೆಮರಿ, ಏರೋಪ್ಲೇನ್ ಚಿಟ್ಟೆಯ ಮರಿಗಳಿರುವ ಕೆರೆ ಸೊಳ್ಳೆ ಸಾಕುವುದಿಲ್ಲ, ನಿಂತ ಕೊಳಚೆ ಸಾಕುತ್ತದೆ. ಮೀನು ಹರಾಜು ಹಿಡಿದವರು ಆಫ್ರಿಕನ್ ಕ್ಯಾಟ್‌ಫಿಶ್ ಬಿಟ್ಟಿದ್ದರೆ ಪಂಚಾಯಿತಿ ಸುಮ್ಮನಿರಬಾರದು. ಅದರ ಸಾಕಣೆ ನಿಷಿದ್ಧ, ಕೆರೆಯ ನಾಟಿ ಮೀನನ್ನೂ ಕಪ್ಪೆಯನ್ನೂ ಅದು ತಿಂದು ಮುಗಿಸುತ್ತದೆ.

ಕಾಡುಪ್ರಾಣಿಗಳ ವಿಷಯ ಬೇರೆಯೇ. ಹಂದಿಗುಂದಿ, ವಿಭೂತಿಕೆರೆ ಕಡೆಯ ರೈತರಿಗೆ ಆನೆ ಪುಸ್ತಕದ ಪ್ರಾಣಿಯಲ್ಲ. ಬನ್ನೇರುಘಟ್ಟ ಮತ್ತು ಕಾವೇರಿ ಕಾಡುಗಳ ಕಡೆಯಿಂದ ಬರುವ ಆನೆಗಳು ರಾಗಿ, ಮಾವು, ಬಾಳೆ ಎಲ್ಲಕ್ಕೂ ಕೈ ಹಾಕುತ್ತವೆ. ಬೆಳೆದ ಆನೆಯೊಂದಕ್ಕೆ ದಿನಕ್ಕೆ 150ರಿಂದ 200 ಲೀಟರ್ ನೀರು ಬೇಕು. ಕಾಡೊಳಗಿನ ಕಟ್ಟೆ ಕುಂಟೆ ಒಣಗಿದರೆ ಅವು ಊರ ಕೆರೆಗೇ ಇಳಿಯುತ್ತವೆ. ಹಾಗೆಂದು ಕಾಡಂಚಿನಲ್ಲಿ ವರ್ಷವಿಡೀ ಬತ್ತದ ನೀರು ಮಾಡಿಟ್ಟರೆ, ದಾಟಿ ಹೋಗಬೇಕಾದ ಆನೆ ಅಲ್ಲೇ ಠಿಕಾಣಿ ಹೂಡುತ್ತದೆ. ನೀರಿನ ತಾವು ಕಾಡಿನ ಒಡಲಲ್ಲಿರಲಿ, ಹೊಲದ ಬದುವಿನಲ್ಲಿ ಬೇಡ ಎಂಬ ರೈತರ ಮಾತಿನಲ್ಲಿ ನ್ಯಾಯವಿದೆ. ಕರಡಿ, ಚಿರತೆಗಳೂ ಇದೇ ನೀರಿಗೆ ಬರುತ್ತವೆ. 2012ರಲ್ಲಿ ರಣಹದ್ದು ಧಾಮವೆಂದು ಘೋಷಿತವಾದ ರಾಮದೇವರ ಬೆಟ್ಟದ ರಣಹದ್ದುಗಳಿಗೂ ಕುಡಿಯಲು, ಮೀಯಲು ನೀರು ಬೇಕು. ಹೊಲಸು ತಿನ್ನುವ ಹಕ್ಕಿ ಮೈ ತೊಳೆಯುವುದರಲ್ಲಿ ಬಹಳ ಶಿಸ್ತಿನದು.

ಹಕ್ಕಿ ನೋಡಲು ಬರುವವರು ಸೂರ್ಯೋದಯದಿಂದ ಒಂದೆರಡು ಗಂಟೆ ಏರಿಯ ಮೇಲೆ ಸುಮ್ಮನೆ ಕೂತರೆ ಸಾಕು. ಬೆಳಕು ಬೆನ್ನಿಗಿರಲಿ. ಅಂಗಳಕ್ಕೆ ಇಳಿಯಬೇಡಿ, ಡ್ರೋನ್ ಹಾರಿಸಬೇಡಿ. ಟಿಟ್ಟಿಭ ಬರೀ ನೆಲದ ಮೇಲೆ ಮೊಟ್ಟೆಯಿಡುತ್ತದೆ, ಮೊಟ್ಟೆಗೂ ಬೆಣಚುಕಲ್ಲಿಗೂ ಮೇಲ್ನೋಟಕ್ಕೆ ವ್ಯತ್ಯಾಸವಿಲ್ಲ. ಕೆಸರಿನ ಮೇಲಿನ ಹೆಜ್ಜೆ ಓದಿ. ತಾಜಾ ಆನೆ ಲದ್ದಿ ಕಂಡರೆ ಹಿಂದಿರುಗಿ, ಸಂಜೆ ಆರರ ಒಳಗೆ ಕಾಡಂಚು ಬಿಡಿ. ಪ್ರತಿ ಜನವರಿಯಲ್ಲಿ ಏಷ್ಯಾದಾದ್ಯಂತ ನೀರುಹಕ್ಕಿ ಗಣತಿ ನಡೆಯುತ್ತದೆ. ನಿಮ್ಮೂರ ಕೆರೆಯ ಲೆಕ್ಕವೂ ಅದಕ್ಕೆ ಸೇರಬಹುದು.

ಕಾನೂನಿನಲ್ಲಿ ಒಂದು ಸಿಕ್ಕು ಇದೆ. 1971ರಲ್ಲಿ ಇರಾನಿನ ರಾಮ್ಸಾರ್‌ನಲ್ಲಿ ಆದ ಒಪ್ಪಂದದ ಪ್ರಕಾರ ಸಹಜವಾದದ್ದಾಗಲಿ, ಮನುಷ್ಯ ಕಟ್ಟಿದ್ದಾಗಲಿ, ಕೆಲವೇ ತಿಂಗಳು ನೀರಿರುವುದಾಗಲಿ ಎಲ್ಲವೂ ಜೌಗು ಪ್ರದೇಶವೇ. ನಮ್ಮ 2017ರ ಜೌಗು ಪ್ರದೇಶ ನಿಯಮಗಳು ಮಾತ್ರ ಕುಡಿಯುವ ನೀರಿಗೆ, ನೀರಾವರಿಗೆ ಕಟ್ಟಿದ ಜಲಾಶಯಗಳನ್ನು ಹೊರಗಿಟ್ಟಿವೆ. ಹೀಗಾಗಿ ಕೈಲಾಂಚದಂಥ ಕಡೆಯ ಕೆರೆಗಳಿಗೆ ಆ ಕೊಡೆಯ ನೆರಳು ಸುಲಭವಾಗಿ ಸಿಗದು. ಕರ್ನಾಟಕದ ರಾಮ್ಸಾರ್ ತಾಣಗಳು 2022ರ ರಂಗನತಿಟ್ಟು, 2024ರಲ್ಲಿ ಘೋಷಿತವಾದ ಅಂಕಸಮುದ್ರ, ಅಘನಾಶಿನಿ ಅಳಿವೆ ಮತ್ತು ಮಾಗಡಿ ಕೆರೆ. ನಮ್ಮ ಮಾಗಡಿಗೆ ಪಟ್ಟ ಬಂತೆಂದು ಹಿಗ್ಗಬೇಡಿ, ಅದು ಗದಗ ಜಿಲ್ಲೆಯ ಮಾಗಡಿ. ನಮ್ಮ ಕೆರೆಗಳಿಗೆ ಆಸರೆ 2014ರ ರಾಜ್ಯದ ಕೆರೆ ಸಂರಕ್ಷಣಾ ಕಾಯ್ದೆ. ಅದರಲ್ಲಿ ಕೆರೆಯೆಂದರೆ ನೀರಷ್ಟೇ ಅಲ್ಲ. ರಾಜಕಾಲುವೆ, ಏರಿ, ಕೋಡಿ, ತೂಬು ಎಲ್ಲವೂ ಸೇರಿವೆ.

ಯಾರನ್ನು ಕೇಳಬೇಕು? ಅಚ್ಚುಕಟ್ಟು 40 ಹೆಕ್ಟೇರ್‌ವರೆಗಿನ ಕೆರೆ ಪಂಚಾಯತ್ ರಾಜ್ ಸಂಸ್ಥೆಗಳದ್ದು, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಯದು, ಕಾಡೊಳಗಿನದು ಅರಣ್ಯ ಇಲಾಖೆಯದು. ಕೆರೆಯ ಸರ್ವೆ ನಂಬರನ್ನು ಪಹಣಿಯಲ್ಲಿ, ಗಡಿಯನ್ನು ಗ್ರಾಮ ನಕ್ಷೆಯಲ್ಲಿ ನೋಡಬಹುದು. ಭೂಮಾಪನ ಇಲಾಖೆಯ ದಿಶಾಂಕ್ ಆ್ಯಪ್ ಹಿಡಿದು ಏರಿಯ ಮೇಲೆ ನಿಂತರೆ ನಿಂತ ಜಾಗದ ಸರ್ವೆ ನಂಬರ್ ತಿಳಿಯುತ್ತದೆ. ಒತ್ತುವರಿಯ ಅನುಮಾನವಿದ್ದರೆ ಅಳತೆ ಮಾಡಿಸಿ ಎಂದು ತಹಶೀಲ್ದಾರರಿಗೆ ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ಪಡೆಯಿರಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು; ಕೆರೆಯ ಹಕ್ಕಿ, ಮೀನು, ಸೊಪ್ಪುಗಳ ಹೆಸರು ಅದರ ದಾಖಲೆ ಪುಸ್ತಕದಲ್ಲಿ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಬರೆಸಿ.

ಮುಂದಿನ ಗ್ರಾಮಸಭೆಯಲ್ಲಿ ಕೆರೆ ಕಾಮಗಾರಿಯ ಅಂದಾಜುಪಟ್ಟಿ ಓದುವಾಗ ಮೊತ್ತ ಎಷ್ಟು ಎಂದು ಕೇಳುವ ಮೊದಲು ನಕ್ಷೆ ಕೇಳಿ. ಹಳ್ಳ ಸೇರುವ ಕಡೆ ಇಳಿಜಾರು ಹಾಗೇ ಉಳಿಯಲಿ, ಅಲ್ಲಿ ಕಲ್ಲುಕಟ್ಟಡ ಬೇಡ ಎಂಬ ಒಂದು ಸಾಲನ್ನು ನಡಾವಳಿಯಲ್ಲಿ ಬರೆಸಿ, ಕೆಳಗೆ ಸಹಿ ಹಾಕಿಸಿ.